ಲೊರೆನ್ಸರು ಸೇರಿಸಿದ ಲೈಟ್‌ಹೌಸ್

ಪರ್ಕಳದಲ್ಲಿ ನಾನು ಬಾಡಿಗೆಗಿರುವ ಮನೆಯ ಧಣಿ ಸದಾನಂದಣ್ಣ ಕಳೆದ ವಾರ ಒಂದು ಬೆಳಿಗ್ಗೆ ಗೇಟಿಗೆ ಬಣ್ಣ ಬಳಿಯುತ್ತ ಕುಳಿತಿದ್ದರು. ಪೈಂಟರನ್ನು ಕರೆದರೆ ಅವನು ಗೇಟಿಗಿಂತ ಹೆಚ್ಚು ಅಂಗಳಕ್ಕೆ ಬಳಿಯುತ್ತಾನೆ ಎಂಬುದು ಅವರ ಸಿದ್ಧಾಂತ. ಹಾಲು ತರಲು ಹೊರಟವನ ಮೂಗಿಗೆ ಟರ್ಪೆಂಟೈನಿನ ವಾಸನೆ ಬಡಿದು ಕಾಲು ತಾನಾಗಿ ನಿಂತಿತು.

“ಸಾರ್, ಈ ಬೂದಿ ಬಣ್ಣಕ್ಕಿಂತ ಮೊದಲು ಗೇಟಿಗೆ ಯಾವ ಬಣ್ಣ ಇತ್ತು, ನೆನಪುಂಟಾ?”

“ಹಸಿರು.”

“ನೀಲಿ ಅಲ್ವಾ?”

“ಹಸಿರೇ, ಸದಾನಂದಣ್ಣ. ದಿನಾ ಇದರಲ್ಲೇ ಹೋಗಿ ಬರುವವ ನಾನು.”

ಅವರು ನಂಬಿದರು. ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವನ ಮಾತನ್ನು ನಮ್ಮ ಕಡೆಯವರು ಬೇಗ ನಂಬುತ್ತಾರೆ. ತತ್ವಶಾಸ್ತ್ರದ ವಿಷಯದಲ್ಲಲ್ಲ, ಗೇಟಿನ ಬಣ್ಣ, ಬಸ್ಸಿನ ಸಮಯ ಮುಂತಾದ ವಿಷಯಗಳಲ್ಲಿ. ಹಾಲು ಹಿಡಿದು ಹಿಂದೆ ಬರುವಷ್ಟರಲ್ಲಿ ನನಗೇ ಅನುಮಾನ ಶುರುವಾಗಿತ್ತು. ಅನುಮಾನಪಡುವುದನ್ನು ಕಲಿಸಿಯೇ ನಾನು ಇಷ್ಟು ವರ್ಷ ಸಂಬಳ ತೆಗೆದುಕೊಂಡದ್ದು. ದೇವರು, ಆತ್ಮ, ಎದುರಿಗಿರುವ ಮೇಜು, ಎಲ್ಲವನ್ನೂ ಪಾಠದಲ್ಲಿ ಅನುಮಾನಿಸಿದ್ದೇನೆ. ನನ್ನ ನೆನಪನ್ನು ಮಾತ್ರ ಅದೇಕೋ ಬಿಟ್ಟುಬಿಟ್ಟಿದ್ದೆ. ಅದನ್ನೂ ಪಟ್ಟಿಗೆ ಸೇರಿಸಬೇಕಾಗಿ ಬಂದದ್ದು ವಾರಿಜಕ್ಕನ ದೆಸೆಯಿಂದ. ಇವತ್ತಿನ ಹಾಲನ್ನು ಒಲೆಯ ಮೇಲಿಟ್ಟು ಆ ಕಥೆ ಹೇಳುತ್ತೇನೆ. ಉಕ್ಕಿದರೆ ನೀವೇ ಎಚ್ಚರಿಸಬೇಕು.

ವಾರಿಜಕ್ಕ ಚಿತ್ರಕಲಾವಿದೆ. ಹುಟ್ಟೂರು ಕಾರ್ಕಳ. ಕಲ್ಲಿನಲ್ಲಿ ಯಾರನ್ನು ಕೆತ್ತಿದ್ದಾರೆ ಎಂದು ಗುಡ್ಡದ ಬುಡದಲ್ಲಿ ನಿಂತವನಿಗೂ ಗೊತ್ತಾಗುವಷ್ಟು ಸ್ಪಷ್ಟವಾಗಿ ಕೆತ್ತಿ ನಿಲ್ಲಿಸಿದ ಊರು ಅದು. ಅಂಥ ಊರಿನ ಹುಡುಗಿ ಬರೋಡಕ್ಕೆ ಹೋಗಿ, ಏನನ್ನು ಬರೆದಿದ್ದಾರೆಂದು ಯಾರಿಗೂ ಗೊತ್ತಾಗದಂಥ ಚಿತ್ರ ಬರೆಯಲು ಕಲಿತು ಬಂದರು. ಇದಕ್ಕೆ ‘ಅಮೂರ್ತ ಅಭಿವ್ಯಕ್ತಿವಾದ’ ಎಂದು ಹೆಸರು. ಸಭೆಯಲ್ಲಿ ಆ ಹೆಸರನ್ನು ಉಚ್ಚರಿಸಿ ಮುಗಿಸುವಷ್ಟರಲ್ಲಿ ಅರ್ಧ ಜನ ಚಹಾದ ಮೇಜಿನ ಬಳಿ ಇರುತ್ತಾರೆ. ಸುಲಭವಾಗಿ ಹೇಳುವುದಾದರೆ, ಮರವಿಲ್ಲ, ಮನುಷ್ಯನಿಲ್ಲ, ಮನೆಯಿಲ್ಲ; ಬಣ್ಣವನ್ನು ಎಳೆದು, ಮೆತ್ತಿ, ಕೆರೆದು, ಕೈ ಏನು ಮಾಡಿತೋ ಅದನ್ನು ಹಾಗೆಯೇ ಬಿಡುವುದು.

ನಾನು ಅವರನ್ನು ಕಂಡಾಗ ಕಾಪುವಿನಲ್ಲಿ ತೆಂಗಿನೆಣ್ಣೆಯ ಮಿಲ್ಲೊಂದರ ಮಹಡಿಯಲ್ಲಿ ಬಾಡಿಗೆಗಿದ್ದರು. ನಾನಾಗ ಹೊಸ ಅಧ್ಯಾಪಕ, ಭಾನುವಾರದ ಪುರವಣಿಗೆ ಕಲಾವಿಮರ್ಶೆ ಬರೆಯುವ ಚಪಲದವನು. ಕೆಳಗೆ ಕೊಬ್ಬರಿ ಎಣ್ಣೆ, ಮೇಲೆ ಬಣ್ಣ ಕಲಸುವ ಅಗಸೆ ಎಣ್ಣೆ. ಮೆಟ್ಟಿಲಿನ ಮಧ್ಯದಲ್ಲಿ ಎರಡೂ ವಾಸನೆ ಡಿಕ್ಕಿ ಹೊಡೆಯುತ್ತಿದ್ದವು. ವಾರಿಜಕ್ಕ ಬಣ್ಣ ಎಳೆಯುತ್ತಿದ್ದದ್ದು ದೋಸೆ ಮಗುಚುವ ಸಟ್ಟುಗದಿಂದ. ಚಿತ್ರಕಾರರ ಚೂರಿ ಅವರ ಬಳಿ ಇತ್ತು, ಅದರಿಂದ ಗುಳ್ಳ ಬದನೆ ಹೆಚ್ಚುತ್ತಿದ್ದರು. ಮಳೆಗಾಲದಲ್ಲಿ ಬಣ್ಣ ಒಣಗುತ್ತಿರಲಿಲ್ಲ. ಒಣಗುವ ಮೊದಲೇ ಬೂಸ್ಟು ಬರುತ್ತಿತ್ತು. ಆ ಬೂಸ್ಟನ್ನೂ ಚಿತ್ರದ ಭಾಗವೆಂದು ತಿಳಿದು ನಾನೊಂದು ಪ್ಯಾರಾ ಬರೆದಿದ್ದೆ. ವಾರಿಜಕ್ಕ ಅದನ್ನು ಓದಿ, “ನಿನ್ನ ಪೇಪರನ್ನು ಕೂಡ ಇಲ್ಲೇ ಇಟ್ಟುಹೋಗು ಮಾರಾಯ, ಅದಕ್ಕೂ ಬರಲಿ” ಎಂದಿದ್ದರು.

ಅವರ ಮೊದಲ ಪ್ರದರ್ಶನ ಮಣಿಪಾಲದಲ್ಲಿ ನಡೆಯಿತು. ಬಂದವರು ಚಿತ್ರ ನೋಡಲಿಲ್ಲ, ಒಗಟು ಬಿಡಿಸಿದರು. ಹಸಿರು ಕಂಡಲ್ಲಿ ಒಬ್ಬರಿಗೆ ಮಟ್ಟುಗುಳ್ಳ ಕಂಡಿತು. ಇನ್ನೊಬ್ಬರು ಅದು ಗುಳ್ಳವಲ್ಲ, ಎಳನೀರಿನ ಬೊಂಡ ಎಂದು ವಾದಕ್ಕಿಳಿದರು. ಕಿಟಕಿಗಿಂತ ದೊಡ್ಡ ಒಂದು ಕ್ಯಾನ್ವಾಸಿನ ಮುಂದೆ ಮುಖ್ಯ ಅತಿಥಿಗಳು, ನಿವೃತ್ತ ಬ್ಯಾಂಕ್ ಅಧಿಕಾರಿ, ಕೈಕಟ್ಟಿ ನಿಂತು, “ಇದು ನಮ್ಮ ಕಾಪು ಕಡಲು, ಅಲ್ವಾ?” ಎಂದರು.

“ಬಣ್ಣ” ಎಂದರು ವಾರಿಜಕ್ಕ. ಯಾರು ಏನು ಕೇಳಿದರೂ ಅವರದು ಅದೊಂದೇ ಉತ್ತರ. ಆದರೆ ಮೈಕು ಇದ್ದದ್ದು ಅತಿಥಿಗಳ ಕೈಯಲ್ಲಿ. ಮರುದಿನದ ಪೇಪರಿನಲ್ಲಿ ಚಿತ್ರಕ್ಕೆ ‘ಕಾಪು ಕಡಲು’ ಎಂದು ನಾಮಕರಣವಾಗಿತ್ತು. ಆ ಹೆಸರು ನೋಡಿಯೇ ಶಿರ್ವದ ಲೊರೆನ್ಸರು ಅದನ್ನು ಕೊಂಡುಕೊಂಡರು. ಅವರು ರಿಯಾದಿನಲ್ಲಿ ಕೆಲಸದಲ್ಲಿದ್ದರು, ಶಿರ್ವದಲ್ಲಿ ಹೊಸ ಮನೆ ಕಟ್ಟಿದ್ದರು, ಹಾಲ್‌ನ ಗೋಡೆ ಬೋಳಾಗಿತ್ತು.

ಆಮೇಲೆ ಬಹಳ ವರ್ಷ ಏನೂ ನಡೆಯಲಿಲ್ಲ. ಅಂದರೆ ಮಾಡು ಸೋರಿತು, ಬೂಸ್ಟು ಗೆದ್ದಿತು, ಕಾಪುವಿನಲ್ಲಿ ಬರೆದ ಚಿತ್ರಗಳೆಲ್ಲ ಒಂದೊಂದಾಗಿ ಹಾಳಾದವು, ವಾರಿಜಕ್ಕ ಕಾರ್ಕಳಕ್ಕೆ ಹಿಂದಿರುಗಿದರು. ನಮ್ಮಲ್ಲಿ ಕಲಾವಿದರ ಜೀವನಚರಿತ್ರೆ ಬರೆಯುವಾಗ ಇದನ್ನು ‘ಸಾಧನೆಯ ಕಾಲ’ ಎನ್ನುತ್ತಾರೆ.

ಕಳೆದ ವರ್ಷ ಒಂದು ಮಧ್ಯಾಹ್ನ ವಾರಿಜಕ್ಕನ ಫೋನು ಬಂತು. ಮಣಿಪಾಲದಲ್ಲಿ ಅವರ ಅಷ್ಟೂ ವರ್ಷಗಳ ಚಿತ್ರಗಳನ್ನು ಒಟ್ಟಿಗೆ ತೋರಿಸುತ್ತಾರಂತೆ. ಕಾಪುವಿನ ಕಾಲದ್ದೆಂದು ಉಳಿದಿರುವುದು ಶಿರ್ವದ ಆ ಒಂದೇ ಚಿತ್ರ. ಅದು ಸಿಗದಿದ್ದರೆ ತನ್ನ ಅತ್ಯುತ್ತಮ ವರ್ಷಗಳ ಜಾಗದಲ್ಲಿ ಬರೀ ಗೋಡೆ.

“ಲೊರೆನ್ಸರ ಹೆಂಡತಿ ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಇದ್ದವರಲ್ವಾ? ನೀನು ಆ ಮನೆಗೆ ಹೋಗಿ ಬರುವುದುಂಟಲ್ಲ? ಚಿತ್ರ ಹೇಗುಂಟು?”

“ಚೆನ್ನಾಗಿಯೇ ಉಂಟು.”

“ಚೆನ್ನಾಗಿ ಉಂಟಾ! ಫೋಟೋ ತರಿಸಿದೆ. ಬಲಬದಿಯಲ್ಲಿ ಯಾರೋ ಕಾಪುವಿನ ಲೈಟ್‌ಹೌಸ್ ಬರೆದಿದ್ದಾರೆ ಮಾರಾಯ. ಕಪ್ಪು ಬಿಳಿ ಪಟ್ಟೆ ಪಟ್ಟೆ.”

“ಅದು ಮೊದಲೇ ಇತ್ತಲ್ಲ, ವಾರಿಜಕ್ಕ?”

ನಾನು ಇನ್ನಷ್ಟು ಆಳಕ್ಕಿಳಿದೆ. “ನೀವು ಬರೆಯುವುದನ್ನು ನಾನೇ ನೋಡಿದ್ದೇನೆ. ಸಂಜೆ, ಕಿಟಕಿಯಿಂದ ಲೈಟ್‌ಹೌಸ್ ನೋಡುತ್ತ, ಸಣ್ಣ ಬ್ರಶ್ಶಿನಲ್ಲಿ…”

“ನನ್ನ ಹತ್ತಿರ ಸಣ್ಣ ಬ್ರಶ್ಶು ಯಾವಾಗ ಇತ್ತು?” ಎಂದು ಕೇಳಿ ಫೋನಿಟ್ಟರು.

ನೀವು ನಂಬಬೇಕು, ನಾನು ಸುಳ್ಳು ಹೇಳಿರಲಿಲ್ಲ. ಆ ಸಂಜೆ ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ವಾರಿಜಕ್ಕ ತುಟಿ ಕಚ್ಚಿ ಬಿಳಿ ಪಟ್ಟೆ ಎಳೆಯುವುದು, ಕಿಟಕಿಯಾಚೆ ಬೆಳಕು ಇಳಿಯುವುದು. ಬಣ್ಣದ ಬಿರುಗಾಳಿಯ ನಡುವೆ ಒಂದೇ ಒಂದು ನೇರ ಗೆರೆ ಏಕೆ ಬೇಕಾಯಿತೆಂದು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೆ. ವಿದ್ಯಾರ್ಥಿಗಳು ಬರೆದುಕೊಂಡಿದ್ದರು.

ಮುಂದಿನ ಭಾನುವಾರ ಇಬ್ಬರೂ ಶಿರ್ವಕ್ಕೆ ಹೋದೆವು. ಲೊರೆನ್ಸರು ಕೆಲಸ ಬಿಟ್ಟು ಊರಿಗೇ ಬಂದು ನೆಲೆಸಿದ್ದರು. ಹಾಲ್‌ನಲ್ಲಿ ನೀಲಿ ಸೋಫಾ, ಅದರ ಮೇಲೆ ಚಿತ್ರ, ಪಕ್ಕದಲ್ಲಿ ದಿನಾ ಸಂಜೆ ಮೇಣದಬತ್ತಿ ಹಚ್ಚುವ ಪ್ರಾರ್ಥನೆಯ ಪೀಠ. ಚಿತ್ರದ ಬಲಮೂಲೆಯಲ್ಲಿ ಗೇಣುದ್ದದ ಲೈಟ್‌ಹೌಸು ಅಟೆನ್ಶನ್‌ನಲ್ಲಿ ನಿಂತಿತ್ತು.

“ಯಾರು ಬರೆದದ್ದು?” ಎಂದರು ವಾರಿಜಕ್ಕ, ಕೂರದೆ.

“ನಾನೇ ಮೇಡಂ!” ಲೊರೆನ್ಸರ ಮುಖ ಅರಳಿತು. “ನೀವು ಮರೆತದ್ದು, ನಾನು ಹಾಕಿದೆ. ಬಂದವರೆಲ್ಲ ಕೇಳುವುದು, ಕಾಪು ಕಡಲು ಅಂತೀರಿ, ಲೈಟ್‌ಹೌಸ್ ಎಲ್ಲಿ ಉಂಟು ಅಂತ. ಅವರಿಗೆ ಉತ್ತರ ಹೇಳಿಯೇ ನನ್ನ ರಜೆ ಮುಗಿಯುತ್ತಿತ್ತು. ಗೇಟಿಗೆ ತಂದ ಪೈಂಟು ಉಳಿದಿತ್ತು. ಸ್ಕೇಲ್ ಇಟ್ಟೇ ಎಳೆದದ್ದು, ನೋಡಿ, ಒಂದು ಗೆರೆ ವಾಲಿಲ್ಲ.”

“ಅದು ಕಡಲಲ್ಲ, ಲೊರೆನ್ಸರೇ.”

“ಮತ್ತೆ ಎಂತ?”

“ಬಣ್ಣ.”

“ಬಣ್ಣ ಅಂತ ಗೊತ್ತಾಯ್ತು ಮೇಡಂ. ಯಾವುದರ ಬಣ್ಣ?”

ಕಲಾವಿಮರ್ಶೆಯ ಅಷ್ಟೂ ಪುಸ್ತಕಗಳನ್ನು ಹಿಂಡಿದರೆ ಬರುವ ಪ್ರಶ್ನೆ ಅದು. ನಾನು ಬಾಯಿ ತೆರೆದೆ. ವಾರಿಜಕ್ಕ ನನ್ನನ್ನು ನೋಡಿದ ರೀತಿಗೆ ಮುಚ್ಚಿದೆ.

ಸಿಸಿಲಿಯಾ ಬಾಯಿ ಚಹಾ ತಂದಿಟ್ಟು ಗಂಡನ ಪರ ನಿಂತರು. “ಲೈಟ್‌ಹೌಸ್ ಬಂದ ಮೇಲೆ ಮನೆಗೆ ಬಂದವರ ಬಾಯಿ ಬಂದ್ ಆಗಿದೆ. ಈಗ ತೆಗೆದರೆ ಪುನಃ ಶುರು. ನಾನಂತೂ ಉತ್ತರ ಕೊಡುವುದಿಲ್ಲ, ಹೇಳಿದ್ದೇನೆ.”

ಚಹಾ ಮುಗಿಯುವಷ್ಟರಲ್ಲಿ ಒಂದು ಒಪ್ಪಂದವಾಯಿತು. ವಾರಿಜಕ್ಕ ಬೇರೆ ಒಂದು ಲೈಟ್‌ಹೌಸ್ ಬರೆದು ಕೊಡಬೇಕು. “ಸರಿಯಾದ್ದು. ನೋಡಿದ ಕೂಡಲೇ ಗೊತ್ತಾಗಬೇಕು.” ಅದನ್ನು ಈ ಗೋಡೆಗೆ ಹಾಕಿ, ಇದನ್ನು ಅವರು ಪೂರ್ತಿಯಾಗಿ ಒಯ್ಯಬಹುದು.

ಇಡೀ ಬದುಕಿನಲ್ಲಿ ಒಂದು ಚೊಂಬನ್ನೂ ಚೊಂಬಿನಂತೆ ಬರೆಯಲಾರೆನೆಂದು ಹಟ ಹಿಡಿದವರು ವಾರಿಜಕ್ಕ. ಕಾರು ಕಟಪಾಡಿ ದಾಟುತ್ತಿತ್ತು.

“ಬರೆಯುತ್ತೀರಾ?” ಎಂದೆ.

“ಬರೆಯುತ್ತೇನೆ. ಎಷ್ಟು ಕೆಟ್ಟದಾಗಿ ಬರೆಯುತ್ತೇನೆ ಅಂದರೆ, ಆ ಮನುಷ್ಯ ಇನ್ನು ಲೈಟ್‌ಹೌಸಿನ ಹತ್ತಿರವೂ ಹೋಗಬಾರದು.”

ಅದನ್ನು ಬರೆಯಲು ಕಾಪುವಿಗೆ ಹೋದ ದಿನ ಮೊದಲು ಹಳೆಯ ಮಿಲ್ಲಿನ ಮೆಟ್ಟಿಲು ಹತ್ತಿದೆವು. ಅದು ನನ್ನದೇ ಒತ್ತಾಯ. ಮಹಡಿಯಲ್ಲಿ ಈಗ ಹೊಲಿಗೆ ತರಗತಿ ನಡೆಯುತ್ತದೆ. ಹುಡುಗಿಯರು ಮಿಶನ್ ನಿಲ್ಲಿಸಿ ನಮ್ಮನ್ನು ನೋಡಿದರು. ನಾನು ನೇರ ಕಿಟಕಿಗೆ ಹೋದೆ. ಕಂಡದ್ದು ಮಿಲ್ಲಿನ ತಗಡಿನ ಮಾಡು, ಅದರ ಮೇಲೆ ಒಣಗಿದ ತೆಂಗಿನ ಸೋಗೆ, ಅದರಾಚೆ ಇನ್ನೊಂದು ತಗಡಿನ ಮಾಡು. ಕಡಲು ಇದ್ದದ್ದು ಬೆನ್ನಿನ ಹಿಂದೆ, ಕಿಟಕಿಯೇ ಇಲ್ಲದ ಗೋಡೆಯ ಆಚೆ.

“ಎಲ್ಲಿ ಉಂಟು ನಿನ್ನ ಲೈಟ್‌ಹೌಸ್?”

“ಮಾಡು ಆಮೇಲೆ ಎತ್ತರಿಸಿರಬೇಕು.”

“ಮಾಡು ಎತ್ತರಿಸಿದರು. ಮತ್ತೆ ಕಡಲನ್ನು ಎತ್ತಿ ಆಚೆ ಬದಿಗೆ ಇಟ್ಟರು, ಅಲ್ವಾ?” ಹೊಲಿಗೆಯ ಹುಡುಗಿಯರು ಕೂಡ ನಕ್ಕರು. ನನ್ನ ಅಷ್ಟು ವರ್ಷದ ಸುಂದರ ಸಂಜೆ, ತುಟಿ ಕಚ್ಚಿದ ಕಲಾವಿದೆಯ ಸಮೇತ, ಆ ತಗಡಿನ ಮೇಲೆ ಬಿದ್ದು ಸದ್ದು ಮಾಡಿತು. ಲೊರೆನ್ಸರ ಮನೆಯಲ್ಲಿ ಕಂಡ ಲೈಟ್‌ಹೌಸಿಗೆ ನಾನೇ ಒಂದು ಹುಟ್ಟಿನ ಕಥೆ ಕಟ್ಟಿಕೊಟ್ಟಿದ್ದೆ. ಅವರಾದರೂ ಸ್ಕೇಲ್ ಇಟ್ಟು ಎಳೆದಿದ್ದರು.

ಬೀಚಿನಲ್ಲಿ ವಾರಿಜಕ್ಕ ಸ್ಟ್ಯಾಂಡು ಹೂಡಿ ಕುಳಿತರು. ಕೆಟ್ಟದಾಗಿ ಬರೆಯಲು ತುಂಬ ಕಷ್ಟಪಟ್ಟರು. ಬರೋಡದಲ್ಲಿ ತಿದ್ದಿಸಿಕೊಂಡ ಕೈ ಮಾತು ಕೇಳಲಿಲ್ಲ. ಬಂಡೆ ಬಂಡೆಯ ಹಾಗೆ ಬಂತು, ಮೆಟ್ಟಿಲು ಮೆಟ್ಟಿಲಿನ ಹಾಗೆ, ಪಟ್ಟೆಗಳ ಮೇಲೆ ಬಿಸಿಲು ತಿರುಗಿದ್ದು ಕೂಡ. ಜನ ಸುತ್ತುವರಿದರು. ಚುರುಮುರಿಯ ಪೊಟ್ಟಣ ಹಿಡಿದ ಹೆಂಗಸೊಬ್ಬರು ತಡೆಯಲಾರದೆ ಹೇಳಿದರು, “ಅಬ್ಬ! ಫೋಟೋದ ಹಾಗೆ ಉಂಟಲ್ಲ ಅಕ್ಕ! ನೀವು ಎಲ್ಲಾದರೂ ಪ್ರದರ್ಶನ ಮಾಡಬೇಕು.”

ವಾರಿಜಕ್ಕ ಮುಖ ಸಿಂಡರಿಸಿದರು. ಆದರೆ ಕಿವಿಯ ತುದಿ ಕೆಂಪಾದದ್ದನ್ನು ನಾನು ಕಂಡೆ. ಅಥವಾ ಕಂಡೆ ಎಂದು ಈಗ ಅನ್ನಿಸುತ್ತಿದೆ. ಇಂಥ ವಿಷಯದಲ್ಲಿ ನನ್ನ ಸಾಕ್ಷ್ಯಕ್ಕೆ ಎಷ್ಟು ಬೆಲೆ ಎಂದು ನಿಮಗೀಗ ಗೊತ್ತು.

ಹೊಸ ಚಿತ್ರವನ್ನು ಲೊರೆನ್ಸರು ಸೋಫಾದ ಮೇಲಿಟ್ಟು ನೋಡಿದರು. “ಒಳ್ಳೆದುಂಟು” ಎಂದರು. ಗೋಡೆಯ ಮೇಲಿನದನ್ನು ನೋಡಿದರು. ಪುನಃ ಹೊಸದನ್ನು ನೋಡಿದರು. ಸಿಸಿಲಿಯಾ ಬಾಯಿ ಇಸ್ತ್ರಿ ಮಾಡಿದ ಬೆಡ್‌ಶೀಟು ತಂದು ಚಿತ್ರ ಸುತ್ತಲು ತಯಾರಾಗಿ ನಿಂತಿದ್ದರು.

“ಆದರೆ ಮೇಡಂ, ಇದು ನೋಡಿ ಆಯ್ತಲ್ಲ.”

“ಹಾಗಂದರೆ?”

“ನೋಡಿದೆ. ಲೈಟ್‌ಹೌಸ್. ಮುಗಿಯಿತು.” ಅವರು ಕತ್ತಿನ ಹಿಂಭಾಗ ಕೆರೆದುಕೊಂಡರು. “ಅದು ಹಾಗೆ ಮುಗಿಯುವುದಿಲ್ಲ. ರಜೆಯಲ್ಲಿ ಬಂದಾಗ ಊಟ ಆಗಿ ನಾನು ಈ ಸೋಫಾದ ಎದುರು ಕುರ್ಚಿ ಹಾಕಿ ಅದನ್ನೇ ನೋಡುವುದು. ಒಂದು ಸಲ ಕಂಡದ್ದು ಇನ್ನೊಂದು ಸಲ ಇಲ್ಲ. ರಿಯಾದಿಗೆ ಹಿಂದೆ ಹೋಗಿ ರೂಮಿನಲ್ಲಿ ಅದನ್ನು ನೆನಪು ಮಾಡಲಿಕ್ಕೆ ನೋಡುತ್ತಿದ್ದೆ. ಆಗ್ತಿರಲಿಲ್ಲ. ಪುನಃ ಬಂದೇ ನೋಡಬೇಕು.”

ವಾರಿಜಕ್ಕ ಆಗ ಕುಳಿತರು. ಆ ಮನೆಯಲ್ಲಿ ಅವರು ಕುಳಿತದ್ದು ಅದೇ ಮೊದಲು. “ಹಾಗಾದರೆ ಅದರ ಮೇಲೆ ಲೈಟ್‌ಹೌಸ್ ಯಾಕೆ ಬರೆದಿರಿ ಮಾರಾಯ್ರೆ?”

“ಅದು ಬಂದವರಿಗೆ ಮೇಡಂ. ನನಗಲ್ಲ.”

ನಾನು ಬರೆದ ಅಷ್ಟೂ ವಿಮರ್ಶೆಗಳೂ ಬಂದವರಿಗಾಗಿ ಎಳೆದ ಪಟ್ಟೆಗಳೇ ಎಂದು ಆಗ ನನಗನ್ನಿಸಿತು ಎಂದು ಬರೆದರೆ ಈ ಪ್ರಬಂಧಕ್ಕೆ ಒಳ್ಳೆಯದು. ಆಗ ಅನ್ನಿಸಿದ್ದು, ಹಾಗಾದರೆ ಚಿತ್ರ ಸಿಗುವುದಿಲ್ಲವಲ್ಲ ಎಂದು ಮಾತ್ರ. ವಾರಿಜಕ್ಕನೂ ಗೋಡೆಯನ್ನೇ ನೋಡುತ್ತಿದ್ದರು. ಕೊಳ್ಳುವಾಗ ಹೆಸರು ನೋಡಿ ಕೊಂಡವರು, ಮೇಲೆ ಗೇಟಿನ ಪೈಂಟು ಬಳಿದವರು, ಇಷ್ಟು ವರ್ಷ ಅದರ ಎದುರು ಕುರ್ಚಿ ಹಾಕಿ ಕೂತವರೂ ಅವರೇ. ನಾನು ಆ ಚಿತ್ರದ ಬಗ್ಗೆ ಪಾಠ ಮಾಡಿದ್ದೆನೇ ಹೊರತು ಅದರೆದುರು ಯಾವತ್ತೂ ಕುರ್ಚಿ ಹಾಕಿರಲಿಲ್ಲ.

ಕೊನೆಗೆ ಲೊರೆನ್ಸರೇ ದಾರಿ ತೋರಿಸಿದರು. ಹೊಸ ಲೈಟ್‌ಹೌಸು ಬಂದವರಿಗಾಗಿ ಬಾಗಿಲ ಬಳಿ ಇರಲಿ. ಹಳೆಯ ಚಿತ್ರ ತಮ್ಮದೇ, ಆದರೆ ಪ್ರದರ್ಶನಕ್ಕೆ ಒಯ್ಯಬಹುದು, ಲೈಟ್‌ಹೌಸು ತೆಗೆದೇ. “ಹಾಕಿದವ ನಾನು, ತೆಗೆಯುವವನೂ ನಾನೇ” ಎಂದು ಗಡ್ಡ ಹೆರೆಯುವ ಬ್ಲೇಡು ತಂದರು. ವಾರಿಜಕ್ಕ ಬ್ಲೇಡು ಮುಟ್ಟಲಿಲ್ಲ. ಕೆಳಗಿನ ಬಣ್ಣವೂ ಎದ್ದು ಬಂದರೆ ಎಂಬ ಭಯ. ಆದರೆ ದಪ್ಪ ಎಣ್ಣೆಬಣ್ಣದ ದಿಬ್ಬಗಳ ಮೇಲೆ ಗೇಟಿನ ಪೈಂಟು ಸರಿಯಾಗಿ ಕಚ್ಚಿಕೊಂಡೇ ಇರಲಿಲ್ಲ. ಸ್ವಲ್ಪ ಟರ್ಪೆಂಟೈನು ತಾಗಿಸಿ ಬ್ಲೇಡಿನ ಮೂಲೆಯಿಂದ ಎಬ್ಬಿಸಿದರೆ ಬಿಳಿ, ಕಪ್ಪು ಚೂರುಗಳು ಮೀನಿನ ಪೊರೆಯಂತೆ ಹಾರಿ ನೀಲಿ ಸೋಫಾದ ಮೇಲೆ ಬೀಳುತ್ತಿದ್ದವು. “ಸೋಫಾ!” ಎಂದು ಸಿಸಿಲಿಯಾ ಬಾಯಿ ಕೂಗಿದರು. ಯಾರೂ ತಿರುಗಲಿಲ್ಲ.

ಪೈಂಟಿನ ಅಡಿಯಿಂದ ಬಂದದ್ದು ಅರಸಿನದಂಥ ಹಳದಿ. ಅದರ ಮೇಲೆ ಸಟ್ಟುಗ ಎಳೆದ ಗೀರುಗಳು, ಗೀರಿನೊಳಗೆ ಕೆಂಪು. ನಿನ್ನೆ ಬಳಿದಂತೆ ಹೊಳೆಯುತ್ತಿತ್ತು. ಅಷ್ಟು ವರ್ಷದ ಮೇಣದಬತ್ತಿಯ ಮಸಿ, ಫ್ಯಾನಿನ ಧೂಳು, ಸಾಂಬ್ರಾಣಿಯ ಹೊಗೆ ಇಡೀ ಚಿತ್ರವನ್ನು ಮಂಕು ಮಾಡಿದ್ದರೆ, ಲೈಟ್‌ಹೌಸು ತನ್ನ ಅಡಿಯ ಒಂದು ಗೇಣನ್ನು ಮಾತ್ರ ಕಾದುಕೊಂಡಿತ್ತು. ಕೆರೆದು ಮುಗಿದಾಗ ಬಲಮೂಲೆಯಲ್ಲಿ ಲೈಟ್‌ಹೌಸಿನ ಆಕಾರದಲ್ಲಿ ಹಳದಿ ಉರಿಯುತ್ತಿತ್ತು.

“ಈಗ ಲೈಟ್ ಹಾಕಿದ ಹಾಗಾಯ್ತು” ಎಂದರು ಲೊರೆನ್ಸರು, ನಿಜವಾದ ದುಃಖದಿಂದ.

ಮಣಿಪಾಲದಲ್ಲಿ ಚಿತ್ರದ ಕೆಳಗೆ ವಾರಿಜಕ್ಕ ಹೆಸರು ಹಾಕಿಸಲಿಲ್ಲ. ಹಾಕಿಸದಿದ್ದರೇನು, ಬಂದವರು ನೇರ ಬಲಮೂಲೆಗೇ ಬೆರಳಿಟ್ಟರು. “ಲೈಟ್‌ಹೌಸನ್ನು ಬರೆಯದೆಯೇ ತೋರಿಸಿದ್ದಾರೆ ನೋಡಿ” ಎಂದು ಒಬ್ಬ ಯುವ ವಿಮರ್ಶಕ ಇಬ್ಬರಿಗೆ ವಿವರಿಸುತ್ತಿದ್ದ. ಅವನ ಕೈಯಾಡಿಸುವ ಶೈಲಿ ನನಗೆ ಪರಿಚಿತವೆನ್ನಿಸಿ ಚಹಾದ ಕಡೆ ಹೋದೆ. ಲೊರೆನ್ಸರು ಮಾತ್ರ ದೂರದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಸ್ವಲ್ಪ ಹೊತ್ತಿನಲ್ಲಿ ವಾರಿಜಕ್ಕನೂ ಇನ್ನೊಂದು ಕುರ್ಚಿ ಎಳೆದುಕೊಂಡರು.

ಈಗ ಚಿತ್ರ ಕಾರ್ಕಳದಲ್ಲಿದೆ. ಇಡೀ ಮೈಯನ್ನು ಆ ಗೇಣಿನಷ್ಟೇ ಸ್ವಚ್ಛ ಮಾಡಿ ಶಿರ್ವಕ್ಕೆ ಕಳಿಸುವುದೆಂದು ಮಾತಾಗಿದೆ. ವಾರಿಜಕ್ಕ ಹತ್ತಿಯ ತುಂಡಿಗೆ ಉಗುಳು ತಾಗಿಸಿ ಅಂಗುಲ ಅಂಗುಲ ಒರೆಸುತ್ತಾರೆ. ಎಣ್ಣೆಬಣ್ಣದ ಕೊಳೆಗೆ ಉಗುಳಿನಷ್ಟು ಒಳ್ಳೆಯ ಮದ್ದು ಬೇರೆ ಇಲ್ಲವಂತೆ. ಇಷ್ಟು ಕಾಲ ಜನ ಉಗುಳಿದ್ದನ್ನು ಜೋಪಾನ ಮಾಡಿದ್ದರೆ ಕೆಲಸ ಬೇಗ ಆಗುತ್ತಿತ್ತು ಎನ್ನುತ್ತಾರೆ. ನಾನು ಕೆಲವು ಭಾನುವಾರ ಹೋಗಿ ಹತ್ತಿ ಹಿಂಜಿ ಕೊಡುತ್ತೇನೆ. ಮೂಲೆಯ ಹಳದಿ ಸುತ್ತಲಿನ ಹಳದಿಗೆ ಸೇರಿಹೋಗುತ್ತಿದೆ. ನನ್ನ ನೆನಪಿನಲ್ಲಿ ಇಡೀ ಚಿತ್ರ ನೀಲಿಯಾಗಿತ್ತು. ಒರೆಸಿದಲ್ಲೆಲ್ಲ ಹೊರಬರುತ್ತಿರುವುದು ಇಟ್ಟಿಗೆಗೆಂಪು, ನೇರಳೆ, ಅರಸಿನ. ನೀಲಿ ಮೇಲಂಚಿನಲ್ಲಿ ಒಂದು ಬೆರಳಷ್ಟಿದೆ. ಉಳಿದ ನೀಲಿಯನ್ನು ನಾನು ಸೋಫಾದಿಂದ ತಂದುಕೊಂಡಿದ್ದೆ ಎಂದು ಕಾಣುತ್ತದೆ.

ಹೋದ ಭಾನುವಾರ ವಾರಿಜಕ್ಕ ಬೆನ್ನು ನೆಟ್ಟಗೆ ಮಾಡಿ ಕೇಳಿದರು, “ಈಗ ಬಲಮೂಲೆಯಲ್ಲಿ ಎಂತ ಕಾಣ್ತದೆ ನಿನಗೆ?”

“ಬಣ್ಣ” ಎಂದೆ.

“ಸುಳ್ಳು ಹೇಳಬೇಡ ಮಾರಾಯ.”

ಸುಳ್ಳೇ ಹೇಳಿದ್ದೆ. ನನಗೆ ಲೈಟ್‌ಹೌಸೇ ಕಾಣುತ್ತಿತ್ತು, ಪಟ್ಟೆಗಳ ಸಮೇತ.

ಹಾಲು ಉಕ್ಕಿದೆ. ನೀವು ಎಚ್ಚರಿಸಲಿಲ್ಲ, ಇರಲಿ. ಒಲೆ ಒರೆಸಿ, ಗಡ್ಡದ ಬ್ಲೇಡು ಹಿಡಿದು ಕೆಳಗಿಳಿದೆ. ಗೇಟಿನ ಹೊಸ ಕಂದು ಬಣ್ಣ ಒಣಗಿ ಗಟ್ಟಿಯಾಗಿತ್ತು. ಚಿಲಕದ ಹತ್ತಿರ ಒಂದು ಉಗುರಿನಷ್ಟು ಜಾಗ ಕೆರೆದೆ. ಕಂದು, ಬೂದಿ, ಅದರಡಿಗೆ…

“ಅಯ್ಯೋ ಸಾರ್! ಹೊಸ ಪೈಂಟು!” ಸದಾನಂದಣ್ಣ ಲುಂಗಿ ಎತ್ತಿ ಕಟ್ಟುತ್ತ ಓಡಿಬಂದರು. ಬೈಯಲು ಬಂದವರು ನನ್ನ ಜೊತೆಗೇ ಬಗ್ಗಿ ನೋಡಿದರು. ಅಡಿಯಲ್ಲಿದ್ದದ್ದು ಹಸಿರಲ್ಲ. ಅವರು ಹೇಳಿದ ನೀಲಿಯೂ ಅಲ್ಲ. ತುಕ್ಕು ಕುಡಿದು, ಬಿಸಿಲು ತಿಂದು, ಮಳೆಯಲ್ಲಿ ತೊಳೆದು, ನವಿಲಿನ ಕುತ್ತಿಗೆ ನೆರಳಿಗೆ ಬಂದಾಗ ಕಾಣುವಂಥದ್ದೇನೋ ಇತ್ತು. ಹೀಗೆಂದು ಬರೆಯುವಾಗಲೇ ನವಿಲು ತಪ್ಪು ಎಂದು ತಿಳಿಯುತ್ತಿದೆ. ನಾನು ಕೆಳಗೆ ಕುಕ್ಕುರುಗಾಲಿನಲ್ಲಿ ಕುಳಿತೆ.

“ಎಂತ ಕಂಡಿತು ಸಾರ್? ಯಾವುದು?”

“ಬಣ್ಣ” ಎಂದೆ.

ಇಷ್ಟು ಓದಿದ ಮನುಷ್ಯನಿಗೆ ಇಷ್ಟು ಬೇಗ ಹೀಗಾಯಿತಲ್ಲ ಎಂಬಂತೆ ಅವರು ನನ್ನನ್ನು ನೋಡಿದರು. ವಾರಿಜಕ್ಕನನ್ನು ಜನ ಹೀಗೆಯೇ ನೋಡುತ್ತಿದ್ದರು.